ಮೂವತ್ತೈದರಲ್ಲೊಂದು ಪಾಲಿನ ಟ್ಯಾಂಕು

ಪೆಟ್ಟಿಗೆಯ ಮುಚ್ಚಳದ ಮೇಲೆ ಧೂಳೆಬ್ಬಿಸಿಕೊಂಡು ಮುನ್ನುಗ್ಗುವ ಟ್ಯಾಂಕಿನ ಬಣ್ಣದ ಚಿತ್ರ. ಮುಚ್ಚಳ ತೆಗೆದರೆ ಒಳಗೆ ಟ್ಯಾಂಕೂ ಇಲ್ಲ, ಧೂಳೂ ಇಲ್ಲ. ಇರುವುದು ಪ್ಲಾಸ್ಟಿಕ್ಕಿನ ಕೆಲವು ಚೌಕಟ್ಟುಗಳು. ಅವಕ್ಕೆ ಹುಣಸೆಕಾಯಿಗಳಂತೆ ಜೋತುಬಿದ್ದ ಚಕ್ರ, ಕೊಂಡಿ, ಗುದ್ದಲಿ, ದೀಪಗಳು. ಜೊತೆಗೆ ಮಡಿಸಿಟ್ಟ ಒಂದು ಸೂಚನಾ ಪತ್ರ. ಇವನ್ನು ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಮೇಜಿನ ಮೇಲೆ ನಿಲ್ಲಿಸಲು ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಒಂದು ವರ್ಷವೂ ಸಾಲದು. ದೊಡ್ಡವರೂ ಆಟಿಕೆ ಹಿಡಿದು ಕೂರುವುದೇ ಎಂದು ನಗುವವರಿದ್ದಾರೆ. ಆದರೆ ಈ ಹವ್ಯಾಸದ ಹಿಂದೆ ತಲೆ ಕೆಡಿಸಿಕೊಳ್ಳುವಂಥ ಒಂದು ಪ್ರಶ್ನೆಯಿದೆ. ಐವತ್ತು ಟನ್ ತೂಗುವ ಉಕ್ಕಿನ ವಾಹನವನ್ನು ಗೇಣುದ್ದಕ್ಕೆ ಇಳಿಸಿದಾಗ ಅದರಲ್ಲಿ ಏನೇನು ಚಿಕ್ಕದಾಗುತ್ತದೆ, ಏನೇನು ಆಗುವುದಿಲ್ಲ?

ಟ್ಯಾಂಕು ಮಾದರಿಗಳಲ್ಲಿ ಇಂದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಅಳತೆ ಮೂವತ್ತೈದಕ್ಕೆ ಒಂದು. ಹತ್ತೂ ಅಲ್ಲದ, ಐವತ್ತೂ ಅಲ್ಲದ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಜಪಾನಿನ ಶಿಝುವೋಕಾ ನಗರದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಮಿಯಾ ಎಂಬ ಸಂಸ್ಥೆ, 1951ರ ಬೆಂಕಿ ಅನಾಹುತದ ನಂತರ ಮರದ ಆಟಿಕೆ ಮಾದರಿಗಳನ್ನೇ ನೆಚ್ಚಿಕೊಂಡಿತು. ಆಮೇಲೆ ಪ್ಲಾಸ್ಟಿಕ್ಕಿನ ಕಾಲ ಬಂತು. 1960ರಲ್ಲಿ ತಂದ ಯಾಮಾಟೋ ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿ ಪೈಪೋಟಿಯಲ್ಲಿ ಸೋತಿತು. ಆ ದಶಕದ ಆರಂಭದಲ್ಲೇ ಸಂಸ್ಥೆ ಜರ್ಮನಿಯ ಪ್ಯಾಂಥರ್ ಟ್ಯಾಂಕನ್ನು ಕೈಗೆತ್ತಿಕೊಂಡಿತು. ಮೋಟಾರಿನಿಂದ ಓಡುವ ಆಟಿಕೆ ಅದು; ಹೊಟ್ಟೆಯೊಳಗೆ ಎರಡು ಬ್ಯಾಟರಿಗಳು ಹಿಡಿಸಬೇಕಿತ್ತು. ಹಿಡಿಸುವಷ್ಟು ಅಗಲ ಕೊಟ್ಟು, ಆಮೇಲೆ ಅಳೆದು ನೋಡಿದರೆ ಅದು ನಿಜದ ಟ್ಯಾಂಕಿನ ಸುಮಾರು ಮೂವತ್ತೈದನೇ ಒಂದು ಪಾಲು! ಟಾರ್ಚಿಗೆ ಹಾಕುವಂಥ ಬ್ಯಾಟರಿ ನಿರ್ಧರಿಸಿದ ಅಳತೆ ಮುಂದೆ ಬೇರೆ ದೇಶಗಳ ತಯಾರಕರಿಗೂ ಕಟ್ಟಳೆಯಾಯಿತು. ಈ ಬೆಳವಣಿಗೆಯ ಹಿಂದಿದ್ದ ಶುನ್ಸಾಕು ತಮಿಯಾ 2025ರ ಜುಲೈನಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ಅವರು ಅಮೆರಿಕದ ಅಬರ್ಡೀನ್ ಸೇನಾ ಸಂಗ್ರಹಾಲಯಕ್ಕೆ ಹೋಗಿ ಅಲ್ಲಿ ನಿಲ್ಲಿಸಿದ್ದ ಟ್ಯಾಂಕುಗಳ ಫೋಟೋ ತೆಗೆದು ಅಳತೆ ಮಾಡಿಕೊಂಡು ಬಂದವರು. ಆಟಿಕೆಯನ್ನು ಮಾದರಿಯನ್ನಾಗಿ ಮಾಡಿದ್ದು ಇಂಥ ಹಟವೇ.

ಉದಾಹರಣೆಗೆ ನಮಗೂ ಸಂಬಂಧವಿರುವ ಒಂದು ಟ್ಯಾಂಕನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಸೆಂಚೂರಿಯನ್ ಯುರೋಪಿನ ರಣರಂಗ ತಲುಪಿದ್ದು 1945ರ ಮೇ ತಿಂಗಳಲ್ಲಿ, ಅಲ್ಲಿ ಯುದ್ಧ ಮುಗಿದ ಮೇಲೆ. ಆದರೆ ಭಾರತದ ಸೇನೆಯಲ್ಲಿ ಅದು 1965ರಲ್ಲೂ 1971ರಲ್ಲೂ ಹೋರಾಡಿತು. ಅದರ ಅಗಲ ಸುಮಾರು 3.4 ಮೀಟರ್, ಮಾದರಿಯಲ್ಲಿ ಹತ್ತು ಸೆಂಟಿಮೀಟರಿಗೂ ಕೊಂಚ ಕಡಿಮೆ. ತೋಪಿನ ಬಾಯಿಯ ವ್ಯಾಸ 84 ಮಿಲಿಮೀಟರ್. ಮಾದರಿಯಲ್ಲಿ ಬೆಂಕಿಕಡ್ಡಿಯ ದಪ್ಪ. ಇಲ್ಲಿಯವರೆಗೆ ಲೆಕ್ಕ ಸರಿ. ತೂಕಕ್ಕೆ ಬಂದಾಗ ಮಾತ್ರ ಲೆಕ್ಕ ಕೈಕೊಡುತ್ತದೆ. ಉದ್ದ, ಅಗಲ, ಎತ್ತರ ಮೂರನ್ನೂ ಮೂವತ್ತೈದರಿಂದ ಭಾಗಿಸಿದರೆ ತೂಕವನ್ನು 42,875ರಿಂದ ಭಾಗಿಸಿದ ಹಾಗೆ. 51 ಟನ್ನಿನ ಟ್ಯಾಂಕು ಆ ಲೆಕ್ಕದಲ್ಲಿ 1.2 ಕಿಲೋ ತೂಗಬೇಕು. ಪ್ಲಾಸ್ಟಿಕ್ ಮಾದರಿ ತೂಗುವುದು ಕೆಲವು ನೂರು ಗ್ರಾಂ ಅಷ್ಟೆ.

ಕಟ್ಟುವವನ ಕಷ್ಟ ಇಲ್ಲಿಂದ ಶುರು. ಭಾರವಿಲ್ಲದ ವಸ್ತು ಭಾರವಾಗಿದೆ ಎಂದು ಕಣ್ಣು ನಂಬಬೇಕು. ಒಂದೊಂದು ಪಕ್ಕದಲ್ಲೂ ಆರಾರು ಚಕ್ರಗಳಿದ್ದು, ಅವೆಲ್ಲ ನೆಲವನ್ನು ಒಂದೇ ಸಮ ತುಳಿಯಬೇಕು. ಒಂದು ಚಕ್ರ ಕೂದಲೆಳೆಯಷ್ಟು ಮೇಲಿದ್ದರೂ ಟ್ಯಾಂಕು ಹಗುರವೆಂಬ ಗುಟ್ಟು ರಟ್ಟಾಗುತ್ತದೆ. ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ ನಿಜದಲ್ಲಿ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಹಳೆಯ ಮಾದರಿಗಳ ಮೆತ್ತನೆಯ ರಬ್ಬರಿನಂಥ ಪಟ್ಟಿ ಬಿಗಿದು ನಿಲ್ಲುತ್ತದೆ; ಅದನ್ನು ಚಕ್ರದ ನೆತ್ತಿಗೆ ಅಂಟಿಸಿ ಜೋಲುವಂತೆ ಮಾಡಬೇಕು. ಇಲ್ಲವೇ ಒಂದೊಂದೇ ಕೊಂಡಿ ಸೇರಿಸಿ ಸರಪಳಿ ಹೆಣೆಯಬೇಕು. ಜೋಡಿಸುವ ಕೆಲಸದಲ್ಲಿ ಉಳಿದದ್ದೆಲ್ಲ ತಾಳ್ಮೆಯ ವಿಷಯ: ಅಚ್ಚಿನ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜುವುದು, ಸಂದುಗಳನ್ನು ತುಂಬುವುದು. ಅಂಟೆಂದು ಕರೆಯುವ ದ್ರವ ವಾಸ್ತವವಾಗಿ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ಹೀಗಾಗಿ ತಪ್ಪಿ ಬಿದ್ದ ಒಂದು ಹನಿಯನ್ನು ಒರೆಸಿದರೆ ಬೆರಳಿನ ಗುರುತು ಸಮೇತ ಅಲ್ಲೇ ಉಳಿದುಬಿಡುತ್ತದೆ.

ನಿಜವಾದ ವಿದ್ಯೆ ಇರುವುದು ಬಣ್ಣದಲ್ಲಿ. ಸೇನೆಯ ಡಬ್ಬಿಯಿಂದಲೇ ಅಸಲಿ ಹಸಿರು ತಂದು ಮಾದರಿಗೆ ಬಳಿದರೂ ಅದು ತಪ್ಪಾಗಿ ಕಾಣುತ್ತದೆ! ಕಾರಣವಿದೆ. ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜದ ಟ್ಯಾಂಕನ್ನು 35 ಅಡಿ ದೂರದಿಂದ ನೋಡಿದಂತೆ. ದೂರದ ಬೆಟ್ಟ ಮಾಸಲಾಗಿ ಕಾಣುವ ಹಾಗೆ ದೂರದ ವಸ್ತುವಿನ ಬಣ್ಣವೂ ನಡುವಿನ ಗಾಳಿ, ಧೂಳಿನಿಂದ ತಿಳಿಯಾಗುತ್ತದೆ. ಅದಕ್ಕೆ ಹಸಿರಿಗೆ ನಾಲ್ಕಾರು ಹನಿ ಬಿಳಿ ಬೆರೆಸುತ್ತಾರೆ. ನೆರಳಿನ ಕಥೆಯೂ ಹೀಗೇ. ಬಯಲಿನ ಬಿಸಿಲಲ್ಲಿ ನಿಂತ ಟ್ಯಾಂಕಿನ ಗೋಪುರದ ಕೆಳಗೆ ಕಡುಗಪ್ಪು ನೆರಳಿರುತ್ತದೆ. ಮನೆಯ ಟ್ಯೂಬ್‌ಲೈಟಿನ ಕೆಳಗೆ ಗೇಣುದ್ದದ ಗೊಂಬೆಗೆ ಅಂಥ ನೆರಳು ಎಲ್ಲಿಂದ ಬರಬೇಕು? ಕುಂಚದಿಂದಲೇ ಬರೆಯಬೇಕು.

ನೆರಳು ಬರೆಯಲು ಹೆಚ್ಚಾಗಿ ಬಳಸುವ ಉಪಾಯ ಸೊಗಸಾಗಿದೆ. ಕಡುಗಂದು ಬಣ್ಣವನ್ನು ಚಹಾದಷ್ಟು ತೆಳ್ಳಗೆ ಮಾಡಿ ಒಂದು ಸಂದಿಗೆ ತಾಗಿಸಿದರೆ ಸಾಕು, ಅದು ತಾನಾಗಿ ಗೆರೆ ಹಿಡಿದು ಓಡಿ, ಮೊಳೆಗಳ ಬುಡದಲ್ಲಿ, ಬಾಗಿಲ ಅಂಚಿನಲ್ಲಿ ನಿಲ್ಲುತ್ತದೆ. ದ್ರವದ ಈ ಗುಣ ಮಾದರಿಯ ಜೊತೆ ಚಿಕ್ಕದಾಗುವುದಿಲ್ಲ, ಅದೇ ಇಲ್ಲಿನ ಲಾಭ. ಮಣ್ಣಿನ ವಿಷಯದಲ್ಲಿ ಅದೇ ನಷ್ಟ. ಅಂಗಳದ ಮಣ್ಣನ್ನೇ ತಂದು ಚಕ್ರಕ್ಕೆ ಮೆತ್ತಿದರೆ ಅರ್ಧ ಮಿಲಿಮೀಟರಿನ ಮರಳಿನ ಕಣ ಮಾದರಿಯ ಲೋಕದಲ್ಲಿ ಸುಮಾರು ಎರಡು ಸೆಂಟಿಮೀಟರಿನ ಜಲ್ಲಿಕಲ್ಲಾಗುತ್ತದೆ. ಹಾಗಾಗಿ ಮಣ್ಣಿಗೆ ಮಣ್ಣನ್ನು ಬಳಸದೆ, ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಬಳಸುತ್ತಾರೆ. ನಿಜದ ವಸ್ತು ಸುಳ್ಳಾಗಿ ಕಾಣುವ, ಸುಳ್ಳು ನಿಜವಾಗಿ ಕಾಣುವ ವ್ಯವಹಾರ ಇದು.

ಮಾದರಿಗೆ ಹೀಗೆ ಸವೆತ, ಕೊಳೆ, ಗಾಯಗಳನ್ನು ಕೊಡುವ ಕಲೆಯನ್ನು 1970ರ ದಶಕದಲ್ಲಿ ಮನೆಮನೆಗೆ ತಲುಪಿಸಿದವರಲ್ಲಿ ಅಮೆರಿಕದ ಶೆಪರ್ಡ್ ಪೇನ್ ಒಬ್ಬರು. ಮಾನೋಗ್ರಾಮ್ ಸಂಸ್ಥೆಯ ಪೆಟ್ಟಿಗೆಗಳಲ್ಲಿ ಅವರ ಕಿರುಹೊತ್ತಗೆಗಳು ಬರುತ್ತಿದ್ದವು. ಈಗ ಅದು ಅತಿರೇಕಕ್ಕೂ ಹೋಗಿದೆ. ಸ್ಪರ್ಧೆಯ ಮೇಜುಗಳ ಮೇಲಿನ ಎಷ್ಟೋ ಟ್ಯಾಂಕುಗಳನ್ನು ನೋಡಿದರೆ ಇಪ್ಪತ್ತು ವರ್ಷ ಗುಜರಿಯಲ್ಲಿ ಬಿದ್ದಿದ್ದವೋ ಎನ್ನಿಸುತ್ತದೆ. ನಡೆಯುತ್ತಿರುವ ಟ್ಯಾಂಕಿನ ಪಟ್ಟಿ ನೆಲಕ್ಕೆ ಉಜ್ಜಿ ಉಜ್ಜಿ ಹೊಳೆಯುತ್ತದೆಯೇ ಹೊರತು ಕಿತ್ತಳೆ ಬಣ್ಣಕ್ಕೆ ತುಕ್ಕು ಹಿಡಿದು ಕೂತಿರುವುದಿಲ್ಲ. ತುಕ್ಕು ಕಾಣುವುದು ಹೆಚ್ಚಾಗಿ ಬಿಸಿ ತಾಗುವ ಹೊಗೆಕೊಳವೆಯಲ್ಲಿ.

ಹಾಗಾದರೆ ಎಷ್ಟು ಕೊಳೆ, ಎಷ್ಟು ಗಾಯ? ಉತ್ತರ ಬಣ್ಣದ ಡಬ್ಬಿಯಲ್ಲಿಲ್ಲ. ಯಾವ ಟ್ಯಾಂಕು, ಯಾವ ದಿನ ಎಂಬುದನ್ನು ಕಟ್ಟುವವನು ಮೊದಲು ನಿರ್ಧರಿಸಬೇಕು.

1971ರ ಡಿಸೆಂಬರ್ 16 ಎಂದಿಟ್ಟುಕೊಳ್ಳಿ. ಶಕರ್‌ಗಡ ವಲಯದ ಬಸಂತರ್ ನದಿಯನ್ನು ದಾಟಿ, ನೆಲಬಾಂಬುಗಳ ನಡುವೆ ದಾರಿ ಹಿಡಿದು ಬಂದ ಪೂನಾ ಹಾರ್ಸ್ ರೆಜಿಮೆಂಟಿನ ಸೆಂಚೂರಿಯನ್‌ಗಳು ಜರ್ಪಾಲ್ ಬಳಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆ ಎದುರಾದವು. ಆರು ತಿಂಗಳ ಹಿಂದಷ್ಟೇ ಸೇನೆಗೆ ಸೇರಿದ್ದ, 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ಇದ್ದ ಟ್ಯಾಂಕಿನ ಹೆಸರು ‘ಫಾಮಗುಸ್ತಾ’. ಸೈಪ್ರಸ್ ದ್ವೀಪದ ಒಂದು ಊರಿನ ಹೆಸರದು. ಪೆಟ್ಟು ತಿಂದು ಟ್ಯಾಂಕಿಗೆ ಬೆಂಕಿ ಹತ್ತಿದಾಗ ಬಿಟ್ಟು ಬರುವಂತೆ ಮೇಲಿನಿಂದ ಆಜ್ಞೆ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿದೆಯೆಂದು ಅವರು ಇಳಿಯಲಿಲ್ಲ. ಆಮೇಲಿನ ಹೊಡೆತಕ್ಕೆ ಸಿಕ್ಕಿ ಟ್ಯಾಂಕಿನಲ್ಲೇ ಮಡಿದರು. ಮರಣೋತ್ತರ ಪರಮವೀರ ಚಕ್ರ ಸಂದಿತು. ಆ ಟ್ಯಾಂಕನ್ನು ದುರಸ್ತಿ ಮಾಡಿ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (2024ರಿಂದ ಅಹಿಲ್ಯಾನಗರ) ಸೇನೆಯ ಟ್ಯಾಂಕು ದಳದ ಕೇಂದ್ರದಲ್ಲಿ ಇರಿಸಲಾಗಿದೆ.

ಅದನ್ನು ಮಾದರಿಯಲ್ಲಿ ಕಟ್ಟಬೇಕೆಂದವನಿಗೆ ತಮಿಯಾದ ಸೆಂಚೂರಿಯನ್ ಪೆಟ್ಟಿಗೆ ಸಿಗುತ್ತದೆ, ಆದರೆ ಅದು ಮೂರನೇ ಆವೃತ್ತಿಯದು. ಸೆಂಚೂರಿಯನ್ ಹದಿಮೂರು ಆವೃತ್ತಿಗಳಲ್ಲಿ ಬಂದ ಟ್ಯಾಂಕು. ಭಾರತದ್ದರ ಫೋಟೋಗಳನ್ನು ಹುಡುಕಿ ಒಂದೊಂದು ಭಾಗವನ್ನೂ ಹೋಲಿಸಬೇಕು, ಬೇಕಾದಲ್ಲಿ ಕತ್ತರಿಸಿ ತಿದ್ದಬೇಕು. ಕಪ್ಪುಬಿಳುಪು ಚಿತ್ರದಲ್ಲಿ ಹಸಿರು ಯಾವ ಹಸಿರೆಂದು ತಿಳಿಯದು. ನಿಂತಿರುವ ಟ್ಯಾಂಕನ್ನೇ ನೋಡಿ ಬರೋಣವೆಂದರೆ, ಪ್ರದರ್ಶನದ ಟ್ಯಾಂಕುಗಳಿಗೆ ಆಗಾಗ ಹೊಸ ಬಣ್ಣ ಹೊಡೆಯುವುದು ವಾಡಿಕೆ. ಆ ದಿನದ ಕೆಸರು, ಮಸಿ ಯಾವುದೂ ಅದರ ಮೇಲಿಲ್ಲ. ಅವನ್ನೆಲ್ಲ ಕಟ್ಟುವವನೇ ಊಹಿಸಿ ಬರೆಯಬೇಕು. ಬೆಳಗಿನ ಟ್ಯಾಂಕಾದರೆ ಪಟ್ಟಿಗಳಲ್ಲಿ ನದಿಯ ಹಸಿಮಣ್ಣು. ಮಧ್ಯಾಹ್ನದ್ದಾದರೆ ಕಮರಿದ ಬಣ್ಣ. ಕಮರಿದ್ದನ್ನು ತೋರಿಸಲು ಕುಂಚ ಎತ್ತಿದ ಮೇಲೆ ಆಟಿಕೆ ಎಂಬ ಮಾತು ಬಾಯಿಗೆ ಬರುವುದು ಕಷ್ಟ.

ಇನ್ನೊಂದು ಇಕ್ಕಟ್ಟು ಕೊನೆಗೆ ಉಳಿದಿರುತ್ತದೆ. ಗೋಪುರದ ಮೇಲಿನ ಮುಚ್ಚಳ ತೆರೆದಿಟ್ಟರೆ ಅಲ್ಲೊಬ್ಬ ಮನುಷ್ಯ ಬೇಕು. ಮೂವತ್ತೈದನೇ ಪಾಲಿನಲ್ಲಿ ಅವನ ಎತ್ತರ ಐದು ಸೆಂಟಿಮೀಟರ್, ಮುಖ ಕಡಲೆಬೇಳೆಯಷ್ಟು, ಕಣ್ಣು ಸೂಜಿಮೊನೆಯ ಒಂದು ಚುಕ್ಕೆ. ಇಪ್ಪತ್ತೊಂದರ ಪ್ರಾಯದ ಮುಖವೆಂದು ಕಾಣಬೇಕು. ಅದು ಕೈಗೆ ಒಲಿಯದವರು, ಒಲಿದರೂ ಧೈರ್ಯ ಸಾಲದವರು, ಮುಚ್ಚಳವನ್ನು ಮುಚ್ಚಿಯೇ ಅಂಟಿಸುತ್ತಾರೆ.