ಬೇತಾಳನನ್ನು ಹೊತ್ತ ವಿಕ್ರಮ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಮನೆಗಳಲ್ಲಿ ಬೇತಾಳನೆಂದರೆ ಮಕ್ಕಳು ಅಂಜುವುದುಂಟು. ಅವನನ್ನು ಹಿಡಿದು ತಂದವನ ವಿಚಾರವನ್ನು ನಾವು ಅರುಹಬಯಸುತ್ತೇವೆ.

ದೂರದರ್ಶನದಲ್ಲಿ 1985ರಲ್ಲಿ ಬಂದ ರಮಾನಂದ ಸಾಗರರ ‘ವಿಕ್ರಮ್ ಔರ್ ಬೇತಾಲ್’ದಲ್ಲಿ ವಿಕ್ರಮನಾದ ಅರುಣ್ ಗೋವಿಲರೇ 1987ರ ‘ರಾಮಾಯಣ’ದಲ್ಲಿ ರಾಮನಾದರು, ಬೇತಾಳನ ಪಾತ್ರ ಸಜ್ಜನ್‌ರದು. ಸೋಮದೇವನು 11ನೆಯ ಶತಮಾನದಲ್ಲಿ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಈ ದೊರೆಯ ಹೆಸರು ತ್ರಿವಿಕ್ರಮಸೇನ. ಬೇಸರಿಯದ ಛಲ, ತಿಳಿದುದನ್ನು ಮರೆಮಾಚದ ನ್ಯಾಯನಿಷ್ಠೆಗಳೇ ಅವನ ಆಯುಧ. ಅದಕ್ಕೆ ಮೆಚ್ಚಿದ ಬೇತಾಳನೇ ಕಡೆಗೆ ಎಚ್ಚರಿಸುತ್ತಾನೆ: ದೊರೆಯನ್ನು ಬಲಿಗೊಡಲು ಹವಣಿಸಿದವನು ಅವನನ್ನು ಶ್ಮಶಾನಕ್ಕೆ ಕಳುಹಿದ ವೇಷಧಾರಿ ಭಿಕ್ಷುವೇ!

ಆದುದರಿಂದ ಮಕ್ಕಳು ಅಂಜಿದಾಗ ತಾಯಂದಿರು ತಾಯಿತ ಕಟ್ಟುವವರ ಬಾಗಿಲಿಗೆ ಹೋಗದಿರಲಿ. ಇಷ್ಟಲಿಂಗವನ್ನು ಪೂಜಿಸುವ ಮನೆಯಲ್ಲಿ ದೆವ್ವದ ಭಯಕ್ಕೆ ಎಡೆಯಿಲ್ಲವೆಂದು ತಿಳಿಹೇಳಿ, ಈ ಕಥೆಯನ್ನು ಕೊನೆಯವರೆಗೂ ಹೇಳಲಿ.