ಎತ್ತಿನ ಬೆನ್ನಿನ ಮೇಲೆ ನೊಣ ಕುಳಿತಾಗ

ರತ್ನಗಿರಿಯ ಕೋಟೆಬೆಟ್ಟದ ಸುತ್ತಮುತ್ತ ಟ್ರಾಕ್ಟರುಗಳು ಬಂದ ಮೇಲೆ ಎತ್ತುಗಳು ಕಡಿಮೆಯಾಗಿರುವುದು ನಿಜ. ಆದರೂ ಎತ್ತನ್ನಾಗಲಿ ಹಸುವನ್ನಾಗಲಿ ಹತ್ತಿರದಿಂದ ನೋಡದ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಇರಲಾರರು. ಅದು ಮೆಲುಕು ಹಾಕುತ್ತ ಮಲಗಿರುವಾಗ ಅದರ ಪಕ್ಕೆಯ ಮೇಲೆ ನೊಣವೊಂದು ಕುಳಿತರೆ ಏನಾಗುತ್ತದೆಂಬುದನ್ನು ಗಮನಿಸಿ ನೋಡಿ. ನೊಣ ಕುಳಿತ ಕಡೆ ಚರ್ಮವು ಝಲ್ಲನೆ ಅದುರುತ್ತದೆ, ನೊಣ ಹಾರಿಹೋಗುತ್ತದೆ. ಎತ್ತು ತಲೆ ಎತ್ತುವುದಿಲ್ಲ, ಮೆಲುಕು ನಿಲ್ಲಿಸುವುದೂ ಇಲ್ಲ. ಹಿಂಭಾಗದ ನೊಣಗಳನ್ನು ಬಾಲವು ನೋಡಿಕೊಳ್ಳುತ್ತದೆ, ಬಾಲ ಮುಟ್ಟದ ಕಡೆಗೆ ಈ ಏರ್ಪಾಡು. ಮನುಷ್ಯರಾದ ನಮಗೆ ಈ ಸೌಕರ್ಯವಿಲ್ಲ. ನಾವು ಕೈಯನ್ನೇ ಬೀಸಬೇಕು.

ಹಾಗಾದರೆ ಚರ್ಮಕ್ಕೆ ಅದುರೆಂದು ಅಪ್ಪಣೆ ಕೊಟ್ಟವರು ಯಾರು?

ಇದನ್ನು ತಿಳಿಯಲು ನರಮಂಡಲದ ರಚನೆಯನ್ನು ಸ್ವಲ್ಪ ಅರಿಯಬೇಕು. ಎತ್ತಿನ ತಲೆಬುರುಡೆಯೊಳಗೆ ಸುಮಾರು ಅರ್ಧ ಕಿಲೋಗ್ರಾಂ ತೂಕದ ಮಿದುಳು ಉಂಟು. ಅದರಿಂದ ಹೊರಟ ಮಿದುಳುಬಳ್ಳಿಯು ಬೆನ್ನೆಲುಬಿನ ಕೊಳವೆಯೊಳಗೆ ಹಿಂದಕ್ಕೆ ಸಾಗುತ್ತದೆ. ಎತ್ತಿನ ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 6 ಕಶೇರುಮಣಿಗಳಿವೆ. ಆಮೇಲೆ ಒಂದಕ್ಕೊಂದು ಬೆಸೆದುಕೊಂಡ 5, ಅನಂತರ ಬಾಲದ ಮಣಿಗಳು. ಮಣಿಮಣಿಗಳ ನಡುವಿನ ಸಂದಿಯಿಂದ ಎಡಕ್ಕೊಂದು ಬಲಕ್ಕೊಂದರಂತೆ ನರಗಳು ಹೊರಬೀಳುತ್ತವೆ. ಪ್ರತಿಯೊಂದು ನರದಲ್ಲಿಯೂ ಎರಡು ಬಗೆಯ ತಂತುಗಳು: ಸುದ್ದಿಯನ್ನು ಒಳಕ್ಕೆ ತರುವ ಜ್ಞಾನವಾಹಿಗಳು, ಆಜ್ಞೆಯನ್ನು ಹೊರಕ್ಕೆ ಒಯ್ಯುವ ಕ್ರಿಯಾವಾಹಿಗಳು.

ಊರಿನಲ್ಲಿ ಬಣವೆಗೆ ಬೆಂಕಿ ಬಿದ್ದರೆ ಊರವರು ಮೊದಲು ನೀರು ಹೊರುತ್ತಾರೆ. ಮಡಕಶಿರೆಯ ಕಚೇರಿಗೆ ವರದಿ ಹೋಗುವುದು ಆಮೇಲೆ. ದೇಹದಲ್ಲಿಯೂ ಹಾಗೆಯೇ. ಕಾಲಿಗೆ ಜಾಲಿಮುಳ್ಳು ಚುಚ್ಚಿದೊಡನೆ ಜ್ಞಾನವಾಹಿಯು ಸುದ್ದಿಯನ್ನು ಮಿದುಳುಬಳ್ಳಿಗೆ ಮುಟ್ಟಿಸುತ್ತದೆ. ಅಲ್ಲಿಯೇ ತೀರ್ಮಾನವಾಗಿ ಕ್ರಿಯಾವಾಹಿಯ ಮೂಲಕ ಆಜ್ಞೆ ಹೊರಟು ಕಾಲು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ನೋವು ಎಂಬ ಅರಿವು ಹುಟ್ಟುವುದು ಸುದ್ದಿಯು ಮಿದುಳನ್ನು ಮುಟ್ಟಿದ ಮೇಲೆಯೇ. ಹೀಗೆ ಮಿದುಳಿನ ಅಪ್ಪಣೆಗೆ ಕಾಯದೆ ನಡೆಯುವ ಕೆಲಸಕ್ಕೆ ಪರಾವರ್ತಿತ ಕ್ರಿಯೆ ಎಂದು ಹೆಸರು. ಇದನ್ನು ವಿವರವಾಗಿ ಶೋಧಿಸಿದವರಲ್ಲಿ ಅಗ್ರಗಣ್ಯರಾದ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನೊಣ ಓಡಿಸುವ ಕ್ರಿಯೆಯೂ ಪರಾವರ್ತಿತವೇ. ಆದರೆ ಅದರ ದಾರಿ ಬೇರೆ, ಅದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಳ್ಳಿನ ಸುದ್ದಿಯು ಬಂದ ಕಡೆಯೇ ತೀರ್ಮಾನವಾಗುತ್ತದೆ. ನೊಣದ ಸುದ್ದಿಯಾದರೋ ಪಕ್ಕೆಯಿಂದ ಮಿದುಳುಬಳ್ಳಿಯನ್ನು ಹೊಕ್ಕು, ಅದರೊಳಗೆ ಮುಂದಕ್ಕೆ ಪ್ರಯಾಣಮಾಡಿ, ಕತ್ತಿನ ಬುಡಕ್ಕೆ ಬರುತ್ತದೆ. ಚರ್ಮದ ಕೆಳಗೆ ಹಾಳೆಯಂತೆ ಹರಡಿರುವ ಸ್ನಾಯುವಿಗೆ ಆಜ್ಞೆಯು ಹೊರಡುವುದು ಅಲ್ಲಿಂದ. ನಡುದಾರಿಯಲ್ಲಿ ಮಿದುಳುಬಳ್ಳಿ ಜಖಂ ಆಗಿದ್ದರೆ, ಅದರ ಹಿಂದೆ ನೊಣ ಕುಳಿತರೂ ಚರ್ಮ ಅದುರದು. 1955ರಲ್ಲಿ ತಿರುಪತಿಯಲ್ಲಿಯೂ 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಸ್ಥಾಪಿತವಾದಂಥ ಪಶುವೈದ್ಯ ಕಾಲೇಜುಗಳಿಗೆ ಹೋಗಬೇಕೆಂದಿರುವ ನಮ್ಮ ಹುಡುಗರು ಅಲ್ಲಿ ಇದನ್ನು ಅಭ್ಯಾಸ ಮಾಡಬೇಕಾಗುತ್ತದೆ. ನಾವು ಇದನ್ನು ಕಲಿತದ್ದು ಒಂದು ಹೊಲದ ಬದುವಿನ ಮೇಲೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ಮನೆಯ ಎತ್ತು ಕಲ್ಲು ತೆಗೆದ ಹಳ್ಳಕ್ಕೆ ಜಾರಿಬಿದ್ದಿತು. ಹತ್ತಾರು ಮಂದಿ ಸೇರಿ ಕಾಲುಗಳಿಗೆ ಹಗ್ಗ ಬಿಗಿದು ಎಳೆದು ಮೇಲಕ್ಕೆ ತಂದರು. ಹಗ್ಗ ಹಿಡಿದವರಲ್ಲಿ ನಾವೂ ಒಬ್ಬರು. ಎತ್ತು ಮುಂಗಾಲೂರಿ ಎದ್ದಿತೇ ಹೊರತು ಹಿಂಭಾಗ ಮೇಲೇಳಲಿಲ್ಲ. ಬಾಲ ತಿರುಚಿದರೂ ಪ್ರಯೋಜನವಾಗಲಿಲ್ಲ.

ಪಶುವೈದ್ಯರು ಬಂದು ಮೊದಲು ಕಣ್ಣು ನೋಡಿದರು. ಬ್ಯಾಟರಿಯ ಬೆಳಕು ಬಿಟ್ಟಾಗ ಪಾಪೆ ಕಿರಿದಾಯಿತು. ರೆಪ್ಪೆಯ ಅಂಚು ಮುಟ್ಟಿದಾಗ ಕಣ್ಣು ಮುಚ್ಚಿತು. ಕೈ ಬೀಸಿದಾಗಲೂ ಮಿಟುಕಿಸಿತು. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಕೆಲವನ್ನು ಹೀಗೆ ಪರೀಕ್ಷಿಸುತ್ತಾರೆ. (ಈಗತಾನೆ ಹುಟ್ಟಿದ ಕರುವಿನ ಕಣ್ಣೆದುರು ಕೈ ಬೀಸಿದರೆ ಅದು ಮಿಟುಕಿಸುವುದಿಲ್ಲ, ಅದು ಕುರುಡಲ್ಲ. ಈ ಒಂದನ್ನು ಅದು ಹುಟ್ಟಿದ ಮೇಲೆ ಕಲಿಯಬೇಕು.) ಅನಂತರ ವೈದ್ಯರು ಚಿಮುಟದಿಂದ ಬೆನ್ನಿನ ಚರ್ಮವನ್ನು ಹಿಂದಿನಿಂದ ಮುಂದಕ್ಕೆ ಚಿವುಟುತ್ತ ಬಂದರು. ಸೊಂಟದ ಮೇಲೆ ಅದುರಲಿಲ್ಲ. ಕಡೆಯ ಪಕ್ಕೆಲುಬನ್ನು ದಾಟಿದೊಡನೆ ಚರ್ಮ ಝಲ್ಲೆಂದಿತು. ಅವರು ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು.

ಆಮೇಲೆ ಹಿಂಗಾಲಿನ ಗೊರಸಿನ ಸಂದಿಯನ್ನು ಬಲವಾಗಿ ಹಿಸುಕಿದರು. ಕಾಲು ತಟ್ಟನೆ ಮಡಿಚಿಕೊಂಡಿತು. ಹುಡುಗನ ತಂದೆಯವರ ಮುಖ ಅರಳಿತು. "ಜೀವ ಐತೆ ಸ್ವಾಮಿ, ಕಾಲು ಎಳಕೊಂತು!" ಎಂದರು. ನಮಗೂ ಹಾಗೆಯೇ ತೋರಿತು.

ವೈದ್ಯರು ಮತ್ತೊಮ್ಮೆ ಹಿಸುಕುತ್ತ, "ಯಜಮಾನರೇ, ಕಾಲು ನೋಡಬೇಡಿ, ಮುಖ ನೋಡಿ" ಎಂದರು. ಎತ್ತು ಹೂಂಕರಿಸಲಿಲ್ಲ, ಹಿಂದಿರುಗಿ ನೋಡಲಿಲ್ಲ, ಕಿವಿಯನ್ನೂ ಆಡಿಸಲಿಲ್ಲ. ಮುಂಗಾಲನ್ನು ಹಿಸುಕಿದಾಗಲಾದರೋ ತಲೆ ಒದರಿ ನರಳಿತು. ಹಿಂಗಾಲಿನ ಸುದ್ದಿ ಸೊಂಟದ ಮಿದುಳುಬಳ್ಳಿಯವರೆಗೆ ಬಂದು, ಅಲ್ಲಿನ ತೀರ್ಮಾನದಂತೆ ಕಾಲು ಮಡಿಚಿತ್ತು. ಅಲ್ಲಿಂದ ಮುಂದಿನ ದಾರಿ ಸೀಮೆಸುಣ್ಣದ ಗೆರೆಗಿಂತ ತುಸು ಮುಂದೆ ಕಡಿದುಹೋಗಿತ್ತು. ಎತ್ತಿಗೆ ತನ್ನ ಕಾಲನ್ನು ಯಾರೋ ಹಿಸುಕುತ್ತಿರುವರೆಂಬುದೇ ತಿಳಿದಿರಲಿಲ್ಲ. ಕಾಲು ಸೆಳೆದುಕೊಳ್ಳುವುದು ಬೇರೆ, ನೋವು ಅರಿಯುವುದು ಬೇರೆ. ಆಳವಾದ ನೋವಿನ ಅರಿವು ಉಳಿದಿದ್ದರೆ ಚೇತರಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದೆಂದೂ, ಇಲ್ಲದಿದ್ದರೆ ಆಸೆ ತೀರ ಅಲ್ಪವೆಂದೂ ಅವರು ವಿವರಿಸಿದರು.

ಹೇಗೆ ಮೇಲೆ ತಂದಿರೆಂದು ವೈದ್ಯರು ಕೇಳಿದಾಗ ನಾವು ಹಗ್ಗದ ವಿಷಯ ಹೇಳಿದೆವು. ಬೆನ್ನೆಲುಬು ಮುರಿದಿರಬಹುದಾದ ಪ್ರಾಣಿಯನ್ನು ಕಾಲು ಬಾಲ ಹಿಡಿದು ಎಳೆದರೆ, ಸರಿದ ಮಣಿಗಳು ಉಳಿದಿರುವ ಮಿದುಳುಬಳ್ಳಿಯನ್ನೂ ಜಜ್ಜಿಬಿಡಬಹುದಂತೆ. ಹಳೆಯ ಬಾಗಿಲನ್ನೋ ಗಟ್ಟಿ ಹಲಗೆಯನ್ನೋ ತಂದು, ಬೆನ್ನು ಬಾಗದಂತೆ ಅದರ ಮೇಲಕ್ಕೆ ಜಾರಿಸಿ, ಹಲಗೆಸಮೇತ ಸಾಗಿಸಬೇಕಂತೆ. ನಮ್ಮ ಎಳೆತದಿಂದ ಕೆಟ್ಟಿತೋ ಬಿದ್ದಾಗಲೇ ಕೆಟ್ಟಿತ್ತೋ ಎಂದು ನಾವು ಕೇಳಿದೆವು. ಅದನ್ನು ಈಗ ಹೇಳಲಾಗದೆಂದರು.

"ಹಂಗಾದ್ರೆ ಅದಕ್ಕೆ ನೋವಿಲ್ಲ ಅಲ್ಲವಾ ಸ್ವಾಮಿ?" ಎಂದು ತಂದೆಯವರು ಕೇಳಿದರು. ಹಿಂಭಾಗದಲ್ಲಿಲ್ಲ, ಮುರಿದ ಕಡೆಯಲ್ಲಿಯೂ ಅದರ ಮುಂದೆಯೂ ಉಂಟು ಎಂದು ಹೇಳಿ ವೈದ್ಯರು ನೋವು ಶಮನದ ಔಷಧಿ ಕೊಟ್ಟರು. ದಪ್ಪನಾಗಿ ಹುಲ್ಲು ಹಾಸಿ, ಹುಣ್ಣಾಗದಂತೆ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳಿದರು. ಮನೆಯವರು ರಾತ್ರಿಯೂ ಎದ್ದು ಹಾಗೆಯೇ ಮಾಡಿದರು. ಒಂಬತ್ತನೆಯ ದಿನ ಎತ್ತು ತೀರಿಕೊಂಡಿತು.

ಆ ದಿನಗಳಲ್ಲಿ ನಮ್ಮ ವಿದ್ಯಾರ್ಥಿಯು ಶಾಲೆಗೆ ಬರಲಿಲ್ಲ. ವಿಚಾರಿಸಲು ಹೋದಾಗ ಅವನು ಬೇವಿನ ಸೊಪ್ಪು ಹಿಡಿದು ಎತ್ತಿನ ಪಕ್ಕದಲ್ಲಿ ಕುಳಿತಿದ್ದನು. ಹೆಗಲಿನ ಮೇಲೆ ಕುಳಿತ ನೊಣಗಳನ್ನು ಎತ್ತೇ ಚರ್ಮ ಅದುರಿಸಿ ಓಡಿಸುತ್ತಿತ್ತು. ಗೆರೆಯಿಂದ ಹಿಂದಕ್ಕೆ ಕುಳಿತವನ್ನು ಅವನು ಓಡಿಸುತ್ತಿದ್ದನು.