ಬುಟ್ಟಿ ಖಾಲಿ, ಕೈತುಂಬ ಕೆಲಸ

ಇಂಗ್ಲೆಂಡಿನ ತರಕಾರಿ ಬೆಳೆಗಾರರು ಏಪ್ರಿಲ್‌ನಿಂದ ಜೂನ್ ಮೊದಲ ವಾರಗಳವರೆಗಿನ ಕಾಲವನ್ನು ‘ಹಂಗ್ರಿ ಗ್ಯಾಪ್’ (ಹಸಿವಿನ ತೆರಪು) ಎಂದು ಕರೆಯುತ್ತಾರೆ. ಮರಗಳೆಲ್ಲ ಚಿಗುರಿ ಹೂಬಿಟ್ಟಿರುವಾಗಲೇ ಹೊಲದಲ್ಲಿ ಕೊಯ್ಯಲು ಹೆಚ್ಚೇನೂ ಸಿಗದ ಕಾಲವದು. ಚಳಿಗಾಲ ದಾಟಿ ಬಂದ ಕೇಲ್ ಸೊಪ್ಪು, ಲೀಕ್ ಮೊದಲಾದವು ಬಿಸಿಲೇರುತ್ತಿದ್ದಂತೆ ಹೂದಂಟು ಎತ್ತಿ ಬಲಿತುಬಿಡುತ್ತವೆ. ಹೊಸದಾಗಿ ಬಿತ್ತಿದ್ದು ಇನ್ನೂ ಬೆರಳುದ್ದವೂ ಆಗಿರುವುದಿಲ್ಲ. ವರ್ಷದಲ್ಲಿ ಅತಿ ಹೆಚ್ಚು ಕೆಲಸ ಬೀಳುವುದೂ ಆಗಲೇ. ಕೂಲಿ ಕೊಟ್ಟು ನಡೆಸುವ ರೈತ ಈ ದಿನಗಳನ್ನು ಹೇಗೋ ದಾಟಿಸುತ್ತಾನೆ. ಊರಿನವರು ಸೇರಿ, ಸಂಬಳವಿಲ್ಲದೆ, ಬಿಡುವಿನ ದಿನ ಬಂದು ದುಡಿಯುವ ಸಮುದಾಯದ ತೋಟಗಳಿಗೆ ಮಾತ್ರ ಇದು ನಿಜವಾದ ಪರೀಕ್ಷೆ. ಇಂಥ ತೋಟ ಉಳಿಯುತ್ತದೋ ಇಲ್ಲವೋ ಎನ್ನುವುದು ಸುಗ್ಗಿಯ ದಿನ ಎಷ್ಟು ಜನ ಬಂದರು ಎನ್ನುವುದರಿಂದ ತೀರ್ಮಾನವಾಗುವುದಿಲ್ಲ. ತಿನ್ನಲು ಏನೂ ಸಿಗದ ವಸಂತದಲ್ಲಿ ಯಾರು ಹೇಳಿದ ದಿನಕ್ಕೆ ಬಂದರು ಎನ್ನುವುದರಿಂದ ಆಗುತ್ತದೆ.

ಆ ಕೆಲಸಗಳ ಸ್ವರೂಪ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ, ಮೆಣಸಿನ ಬೀಜ ಹಾಕುತ್ತಾರೆ. ಬಿತ್ತನೆ ಆಲೂಗಡ್ಡೆಯನ್ನು ಬೆಳಕು ಬೀಳುವ ಕಡೆ ಟ್ರೇಗಳಲ್ಲಿ ಹರಡಿ ಮೊಳಕೆ ಬರಿಸುತ್ತಾರೆ. ಹೊರಗಿನ ಮಣ್ಣು ಚಳಿಗಾಲದ ಮಳೆಗೆ ನೆನೆದು ಮುದ್ದೆಯಾಗಿರುತ್ತದೆ. ಹದಕ್ಕೆ ಬರುವ ಮೊದಲೇ ಅದರ ಮೇಲೆ ಓಡಾಡಿದರೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಕ್ಯಾರೆಟ್ ಬೀಜ ಮೊಳೆಯಲು ಮಣ್ಣಿನ ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಹುರುಳಿಕಾಯಿಗೆ ಇನ್ನೂ ಹೆಚ್ಚು ಬೇಕು. ಮೇ ತಿಂಗಳ ಅರ್ಧದವರೆಗೂ ಕೆಲವು ಕಡೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಭಯವಿರುತ್ತದೆ. ಆದ್ದರಿಂದ ಒಳಗೆ ಬೆಳೆಸಿದ ಎಳೆ ಸಸಿಗಳನ್ನು ವಾರ, ಹತ್ತು ದಿನ ಬೆಳಿಗ್ಗೆ ಹೊರಗಿಟ್ಟು ಸಂಜೆ ಒಳಗೆ ತಂದು, ಗಾಳಿ ಚಳಿಗೆ ಒಗ್ಗಿಸಿದ ಮೇಲೆಯೇ ನಾಟಿ ಮಾಡುತ್ತಾರೆ. ಅದೇ ಏಪ್ರಿಲ್‌ನಲ್ಲಿ ಒಂದು ದಿನ ಚೆನ್ನಾಗಿ ಬಿಸಿಲು ಬಂದರೆ, ಮುಚ್ಚಿದ ಗಾಜಿನ ಮನೆ ಕಾದು ನೀರಿಲ್ಲದ ಸಸಿಗಳು ಸಂಜೆಯೊಳಗೆ ಬಾಡುತ್ತವೆ. ಕಳೆಯದೂ ಇದೇ ಕಥೆ. ನೂಲಿನೆಳೆಯಷ್ಟಿದ್ದಾಗ ಒಣಹವೆಯಲ್ಲಿ ಮೇಲಿಂದ ಕೆರೆದುಬಿಟ್ಟರೆ ಗಂಟೆಯೊಳಗೆ ಮುಗಿಯುವ ಕೆಲಸ. ಮೂರು ವಾರ ಬಿಟ್ಟರೆ ಸಾಲಿನುದ್ದಕ್ಕೂ ಕೂತು ಕೈಯಲ್ಲೇ ಕೀಳಬೇಕು.

ಇವುಗಳಲ್ಲಿ ಯಾವುದೂ ಕಲಿಯಲಾಗದ ವಿದ್ಯೆಯಲ್ಲ, ಹೆಚ್ಚು ಬಲ ಬೇಡುವುದೂ ಇಲ್ಲ. ಆದರೆ ಯಾವುದನ್ನೂ ಮುಂದೂಡಲಾಗದು, ಒಂದೇ ದಿನದಲ್ಲಿ ಮುಗಿಸಲೂ ಆಗದು. ಶನಿವಾರ ನಲವತ್ತು ಜನ ಒಟ್ಟಿಗೆ ಬಂದರೆ ಗೊಬ್ಬರದ ಗುಡ್ಡೆ ತಿರುವಿ ಹಾಕಬಹುದು, ಪಾತಿಗಳಿಗೆ ಕಾಂಪೋಸ್ಟ್ ಹರಡಬಹುದು, ಬೇಲಿ ಕಟ್ಟಬಹುದು. ಸೋಮವಾರದ ನೀರನ್ನು ಶನಿವಾರವೇ ಹಾಕಿಟ್ಟು ಹೋಗಲು ಬರುವುದಿಲ್ಲ. ಉತ್ಸಾಹ ಜನರನ್ನು ಗೇಟಿನವರೆಗೆ ತರುತ್ತದೆ. ಬೆಳೆಗೆ ಬೇಕಾದದ್ದು ಸರದಿಯ ಪಟ್ಟಿ, ಮತ್ತು ಸರದಿ ತಪ್ಪಿದಾಗ ಅದು ತನ್ನ ಹೊಣೆ ಎಂದುಕೊಳ್ಳುವ ಒಬ್ಬರು.

ಬಹುಕಾಲ ಬಾಳಿದ ತೋಟಗಳ ವ್ಯವಸ್ಥೆಯೂ ಇದನ್ನೇ ಹೇಳುತ್ತದೆ. ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಊರಿನಲ್ಲಿ 2001ರಲ್ಲಿ ಆರಂಭವಾದ ಸಮುದಾಯ ಕೃಷಿ ಒಂದು ಸಹಕಾರಿ ಸಂಸ್ಥೆ. ಸದಸ್ಯರು ತಮ್ಮ ಪಾಲಿನ ಹಣ ಕಟ್ಟುತ್ತಾರೆ, ಆ ಹಣದಿಂದ ಬೆಳೆಗಾರರಿಗೆ ಸಂಬಳ ಹೋಗುತ್ತದೆ, ಸದಸ್ಯರು ಬಂದು ಕೈಜೋಡಿಸುವುದು ಅದರ ಜೊತೆಗೆ. ಲಂಡನ್ನಿನ ಅಂಚಿನ ಚಿಂಗ್‌ಫರ್ಡ್‌ನಲ್ಲಿ, ಹಿಂದೆ ಸ್ಥಳೀಯ ಆಡಳಿತದ ನರ್ಸರಿಯಾಗಿದ್ದ 12 ಎಕರೆಯಲ್ಲಿ ಬೆಳೆ ತೆಗೆಯುವ ಆರ್ಗ್ಯಾನಿಕ್‌ಲೀ ದುಡಿಯುವವರದೇ ಸಹಕಾರಿ. ಸ್ವಯಂಸೇವಕರು ಅಲ್ಲಿ ಅನುಭವವಿದ್ದವರ ಜೊತೆ ಕೆಲಸ ಮಾಡುತ್ತ ಕಲಿಯುತ್ತಾರೆ. ಯಾರ್ಕ್‌ಶೈರ್‌ನ ಟಾಡ್‌ಮರ್ಡನ್ ಊರಿನಲ್ಲಿ 2008ರಲ್ಲಿ ಹುಟ್ಟಿದ ‘ಇನ್‌ಕ್ರೆಡಿಬಲ್ ಎಡಿಬಲ್’ ಇದಕ್ಕೆ ಅಪವಾದವಾಗಿ ಕಾಣಬಹುದು. ಅಲ್ಲಿ ಸ್ವಯಂಸೇವಕರೇ ಪೊಲೀಸ್ ಠಾಣೆಯ ಮುಂದೆ, ಆರೋಗ್ಯ ಕೇಂದ್ರದ ಬಳಿ, ರಸ್ತೆ ಬದಿಯಲ್ಲಿ ಸೊಪ್ಪು ತರಕಾರಿ ಬೆಳೆಸಿ, ಬೇಕಾದವರು ಕಿತ್ತುಕೊಳ್ಳಲಿ ಎಂದು ಬಿಟ್ಟರು. ಆದರೆ ಆ ಪಾತಿಗಳು ಯಾರಿಗೂ ಪ್ರತಿ ವಾರ ಒಂದು ಬುಟ್ಟಿ ತರಕಾರಿಯ ಮಾತು ಕೊಟ್ಟಿಲ್ಲ. ಮಾತು ಕೊಟ್ಟ ತೋಟಕ್ಕೆ ದಿನದಿನವೂ ಹೊಣೆ ಹೊರುವವರು ಬೇಕು.

ಇನ್ನೊಂದು ಕಾರಣವೂ ಇದೆ. ಮುಂದಿನ ವರ್ಷ ಹಸಿವಿನ ತೆರಪಿಲ್ಲದೆ ದಾಟಬೇಕಾದರೆ ಅದಕ್ಕೆ ಈ ವಸಂತದಲ್ಲೇ ಬಿತ್ತಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹಾಕಿದ ಲೀಕ್ ಚಳಿಗಾಲವಿಡೀ ನೆಲದಲ್ಲಿರುತ್ತದೆ. ನೇರಳೆ ಬಣ್ಣದ ಬ್ರೊಕೊಲಿ ಒಂದು ವಸಂತದಲ್ಲಿ ಬಿತ್ತಿದರೆ ಮರುವಸಂತದಲ್ಲಿ ಕೈಗೆ ಬರುತ್ತದೆ. ಒಂದು ಸಲ ಬಂದು ಹೋಗುವವರ ಕಣ್ಣಿಗೆ ಈ ಫಲ ಬೀಳುವುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸರ್ಕಾರ ‘ಡಿಗ್ ಫಾರ್ ವಿಕ್ಟರಿ’ ಎಂದು ಕರೆ ಕೊಟ್ಟಾಗ, ಕೇವಲ ಘೋಷಣೆಯನ್ನು ನಂಬಿ ಕೂರಲಿಲ್ಲ. ಸುಮಾರು 300 ಚದರ ಗಜದ ತುಂಡು ನೆಲದಲ್ಲಿ ವರ್ಷವಿಡೀ ತರಕಾರಿ ಸಿಗಬೇಕಾದರೆ ಯಾವ ಸಾಲಿನಲ್ಲಿ, ಯಾವ ತಿಂಗಳು, ಏನು ಬಿತ್ತಬೇಕು ಎಂಬ ಯೋಜನೆಯನ್ನು ಕರಪತ್ರವಾಗಿ ಹಂಚಿತು. ದೇಶಪ್ರೇಮ ಉಕ್ಕುತ್ತಿದ್ದ ಕಾಲದಲ್ಲೂ ಪಂಚಾಂಗದ ಅಗತ್ಯ ತಪ್ಪಲಿಲ್ಲ.

ಸಂಬಳದ ಬೆಳೆಗಾರರೂ ಊರಿನವರೂ ಸೇರಿ ನಡೆಸುವ ತೋಟಗಳ ಬಗ್ಗೆ ಎರಡು ಆಕ್ಷೇಪಗಳಿವೆ. ಸಂಬಳದವರ ಕೈಕೆಳಗೆ ಊರಿನವರು ಪುಕ್ಕಟೆ ದುಡಿದರೆ ಅದು ಸೇವೆಯ ಹೆಸರಿನ ಬಿಟ್ಟಿ ಚಾಕರಿಯಲ್ಲವೇ, ಕೂಲಿ ಕೊಟ್ಟು ಬೆಳೆಯುವ ಸಣ್ಣ ರೈತನಿಗೆ ಅನ್ಯಾಯವಲ್ಲವೇ ಎನ್ನುವುದು ಮೊದಲನೆಯದು. ಈ ಮಾತಿನಲ್ಲಿ ತೂಕವಿದೆ. ಪುಕ್ಕಟೆ ದುಡಿಮೆಯ ಬಲದಿಂದ ಮಾರುಕಟ್ಟೆಯಲ್ಲಿ ಬೆಲೆ ಇಳಿಸುವ ತೋಟವನ್ನು ಸಮರ್ಥಿಸಲಾಗದು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಗದ್ದೆಯಲ್ಲಿ ಮಾಡಿದ ನಾಟಿಗೆ ಇನ್ನೊಬ್ಬರ ಗದ್ದೆಯಲ್ಲಿ ಮರುದುಡಿಮೆ ಇರುತ್ತಿತ್ತು. ಹಾಗೆ ತೀರುವ ಋಣವಾದ್ದರಿಂದಲೇ ಅದು ಬಿಟ್ಟಿಯಾಗಲಿಲ್ಲ. ಸಮುದಾಯದ ತೋಟವೂ ಪಾಲಿನ ತರಕಾರಿಯನ್ನೋ, ಕಲಿಕೆಯನ್ನೋ, ನಿರ್ಧಾರದಲ್ಲಿ ಮತವನ್ನೋ ಮರಳಿ ಕೊಡಬೇಕು. ಹೊಣೆ ಹೊತ್ತವರಿಗೆ ಸಂಬಳ ಸಿಗುವುದು ಆಗ ಉಳಿದವರ ಶ್ರಮಕ್ಕೆ ಮಾಡುವ ಅವಮಾನವಲ್ಲ, ಆ ಶ್ರಮ ವ್ಯರ್ಥವಾಗದಂತೆ ಕಾಯುವ ಖರ್ಚು.

ಇಷ್ಟು ಸಣ್ಣ ತೋಟಗಳಿಂದ ಯಾರ ಹೊಟ್ಟೆ ತುಂಬೀತು ಎನ್ನುವುದು ಎರಡನೆಯ ಆಕ್ಷೇಪ. ಲಂಡನ್ನಿನಂಥ ನಗರದ ಹೊಟ್ಟೆಯಂತೂ ತುಂಬದು. ಬ್ರಿಟನ್ ತಾನು ತಿನ್ನುವ ತರಕಾರಿಯಲ್ಲಿ ಅರ್ಧದಷ್ಟನ್ನು ಮಾತ್ರ ತಾನೇ ಬೆಳೆಯುತ್ತದೆ. 2023ರ ಫೆಬ್ರವರಿಯಲ್ಲಿ ಸ್ಪೇನ್, ಮೊರಾಕೊಗಳಲ್ಲಿ ಚಳಿಯಿಂದ ಬೆಳೆ ಕೈಕೊಟ್ಟಾಗ ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳು ಒಬ್ಬರಿಗೆ ಇಷ್ಟೇ ಟೊಮೆಟೊ ಎಂದು ಮಿತಿ ಹಾಕಿದವು. ಆ ಕೊರತೆಯನ್ನು ಸಮುದಾಯದ ತೋಟಗಳೂ ತುಂಬಲಾರವು. ಫೆಬ್ರವರಿಯಲ್ಲಿ ಅಲ್ಲಿ ಟೊಮೆಟೊ ಬೀಜದ ಹಂತದಲ್ಲಿರುತ್ತದೆ. ಆದರೆ ಇದನ್ನು ಅರಿತವರು ಅಂಗಡಿಯಲ್ಲಿ ಕೇಳುವುದೇ ಬೇರೆ, ತಟ್ಟೆಗೆ ಬಯಸುವುದೇ ಬೇರೆ. ಆಹಾರಕ್ಕೂ ಕಾಲಕ್ಕೂ ಇರುವ ನಂಟು ವಸಂತದಲ್ಲಿ ಬೆವರು ಹರಿಸಿದವರಿಗೆ ತಿಳಿದಷ್ಟು, ಸುಗ್ಗಿಯ ಹಬ್ಬಕ್ಕೆ ಬಂದವರಿಗೆ ತಿಳಿಯುವುದಿಲ್ಲ.

ನಮ್ಮ ಹಂಗಾಮು ಬೇರೆ. ನಮ್ಮಲ್ಲಿ ಯುಗಾದಿಯ ಆಚೀಚೆ ಕಾಡುವುದು ಬಿಸಿಲು ಮತ್ತು ನೀರಿನ ಅಭಾವ, ಚಳಿಯಲ್ಲ. ಆದರೂ ಬೆಂಗಳೂರಿನ ಬಡಾವಣೆಯಲ್ಲೋ ಶಾಲೆಯ ಅಂಗಳದಲ್ಲೋ ಕೂಡು ತೋಟ ಮಾಡಹೊರಟವರು ಬೀಜ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಎಲ್ಲರೂ ಊರಿಗೆ ಹೋದ ಬೇಸಿಗೆ ರಜೆಯಲ್ಲಿ, ಕೊಯ್ಯಲು ಏನೂ ಇಲ್ಲದ ದಿನ, ನೀರು ಹಾಕುವವರು ಯಾರು? ಆ ಜಾಗದಲ್ಲಿ ಒಂದು ಹೆಸರೂ ಅವರ ಖರ್ಚಿಗೆ ದಾರಿಯೂ ಇದ್ದರೆ ತೋಟ ಆರಂಭಿಸಬಹುದು. ‘ಎಲ್ಲರೂ’ ಎಂದಿದ್ದರೆ ಇನ್ನೊಂದು ಸಭೆ ಕರೆಯುವುದು ಒಳ್ಳೆಯದು.